ಎಂಟು ಗಂಡಸರು ಖಾಲಿ ಮಾಡಿಕೊಟ್ಟ ಕೋಣೆ

ಉಮ್ರಾ ಯಾತ್ರೆ ಮುಗಿಸಿ ನಮ್ಮ ಗುಂಪಿನವರೆಲ್ಲ ಮಕ್ಕಾದಿಂದ ವಿಮಾನ ನಿಲ್ದಾಣದ ಬಸ್ಸು ಹತ್ತಿದರು. ನಾನು ಹತ್ತಲಿಲ್ಲ. ನನ್ನ ಟಿಕೆಟು ಐದು ದಿನ ಬಿಟ್ಟು ಇತ್ತು, ಬೇಕೆಂದೇ ಹಾಗೆ ಮಾಡಿಸಿದ್ದೆ. ಗುಂಪನ್ನು ಕರೆತಂದ ಉಸ್ತಾದರು ಬಸ್ಸಿನ ಮೆಟ್ಟಿಲ ಮೇಲೆ ನಿಂತು ಮೂರನೇ ಸಲ ಕೇಳಿದರು, "ಟೀಚರೇ, ಒಬ್ಬರೇ ಎಂತ ಮಾಡ್ತೀರಿ ಜಿದ್ದಾದಲ್ಲಿ?" "ಊರು ನೋಡ್ತೇನೆ" ಅಂದೆ. ಅರವತ್ತೊಂದು ವರ್ಷದ ಹೆಂಗಸು ಒಬ್ಬಳೇ ಊರು ನೋಡುವುದೆಂದರೆ ಏನೋ ಅವಘಡ ಕಾದಿದೆ ಅನ್ನುವ ಮುಖ ಮಾಡಿಕೊಂಡು ಅವರು ಒಳಗೆ ಹೋದರು.

ಊರು ನೋಡುವುದು ನೆಪ. ನಿಜ ಹೇಳುತ್ತೇನೆ. ನಮ್ಮವರು ಇಪ್ಪತ್ತನಾಲ್ಕು ವರ್ಷ ಜಿದ್ದಾದ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡಿದವರು. ಎರಡು ವರ್ಷಕ್ಕೊಮ್ಮೆ ಊರಿಗೆ ಬಂದು ಒಂದೂವರೆ ತಿಂಗಳು ಇದ್ದು ಹೋಗುತ್ತಿದ್ದರು. ನಾನು ಪುತ್ತೂರಿನ ಹತ್ತಿರ ಸರಕಾರಿ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ. ನಮ್ಮ ಕೇರಿಯಲ್ಲಿ ಗಲ್ಫಿನಲ್ಲಿದ್ದ ಗಂಡಸರಲ್ಲಿ ಮುಕ್ಕಾಲುಪಾಲು ಜನ ಒಂದಲ್ಲ ಒಂದು ವರ್ಷ ಹೆಂಡತಿಯನ್ನು ವಿಸಿಟಿಂಗ್ ವೀಸಾದಲ್ಲಿ ಕರೆಸಿಕೊಂಡಿದ್ದಾರೆ. ಹೋಗಿ ಬಂದವರು ಸಮುದ್ರದ ಬದಿಯ ರಸ್ತೆ, ಅಲ್ಲಿಯ ದೀಪ, ಅಲ್ಲಿಯ ಕೋಳಿ ಎಂದು ಮದುವೆ ಮನೆಗಳಲ್ಲಿ ಹೇಳಿದ್ದೇ ಹೇಳಿದ್ದು. ನನಗಂತೂ ಪ್ರತಿ ವರ್ಷ ಎರಡು ತಿಂಗಳು ಬೇಸಿಗೆ ರಜೆ. ಆದರೂ ಈ ಮನುಷ್ಯ ಒಂದೇ ಒಂದು ಸಲ "ಬಾ" ಅನ್ನಲಿಲ್ಲ. ಯಾಕೆ? ನಾನು ಬೇಡವಾಗಿದ್ದೆನಾ? ಈ ಪ್ರಶ್ನೆಯನ್ನು ನುಂಗಿಕೊಂಡೇ ಮಗಳನ್ನು ಸಾಕಿದೆ, ಮದುವೆ ಮಾಡಿದೆ, ನಿವೃತ್ತಿಯೂ ಆದೆ.

ಅವರು ಕೆಲಸ ಬಿಟ್ಟು ಬಂದು ಮೂರು ವರ್ಷವಾಯಿತು. ಜಿದ್ದಾದ ಹೆಸರು ಎತ್ತಿದರೆ ಎದ್ದು ಹೊರಗೆ ಹೋಗುತ್ತಾರೆ. ಉಮ್ರಾಕ್ಕೆ ಒಟ್ಟಿಗೆ ಹೋಗುವ ಅಂದದ್ದಕ್ಕೆ, "ನಾನು ಅಲ್ಲಿದ್ದಾಗ ಎಷ್ಟೋ ಸಲ ಮಾಡಿದ್ದೇನೆ, ನೀನು ಹೋಗಿ ಬಾ" ಅಂದರು. ಸಿಟ್ಟು ನೆತ್ತಿಗೇರಿತು. ಅವರ ಫೋನಿನಿಂದ ಅವರ ಹಳೆಯ ರೂಮ್‌ಮೇಟಿನ ನಂಬರು ಬರೆದುಕೊಂಡೆ. ಅವರು ಇದ್ದ ಜಾಗ ನಾನೇ ನೋಡಿ ಬರುತ್ತೇನೆ ಎಂದು ತೀರ್ಮಾನ ಮಾಡಿದ್ದು ಆ ದಿನವೇ.

ಮಕ್ಕಾದಿಂದ ಜಿದ್ದಾಕ್ಕೆ ರೈಲು ಉಂಟು. ಮಂಗಳೂರಿನಲ್ಲಿ ಕೂತ ಮಗಳು ಫೋನಿನಲ್ಲೇ ಟಿಕೆಟು ತೆಗೆದು, ಅಲ್ಲಿಯ ಶರಫಿಯಾ ಎಂಬ ಬಡಾವಣೆಯಲ್ಲಿ ಸಣ್ಣ ಹೋಟೆಲಿನ ಕೋಣೆಯನ್ನೂ ಹಿಡಿದಿದ್ದಳು. ಅಲ್ಲಿ ಕೌಂಟರಿನಲ್ಲಿದ್ದ ಹೈದರಾಬಾದಿನ ಮನುಷ್ಯ ನನ್ನ ಪಾಸ್‌ಪೋರ್ಟು ನೋಡಿದ, ನನ್ನ ಹಿಂದೆ ನೋಡಿದ, ಬಾಗಿಲ ಕಡೆಗೂ ನೋಡಿದ. "ಯಾರೂ ಇಲ್ಲ, ನಾನೊಬ್ಬಳೇ" ಎಂದು ನನ್ನ ಶಾಲೆಯ ಹಿಂದಿಯಲ್ಲಿ ಹೇಳಿದೆ. ಪಾಪ, ಬೀಗದ ಕೈ ಕೊಡುವಾಗ ಎರಡು ನೀರಿನ ಬಾಟಲಿ ಹೆಚ್ಚಿಗೆ ಕೊಟ್ಟ.

ಕೋಣೆಯೊಳಗೆ ಚಪ್ಪಲಿ ಬಿಡುವಷ್ಟರಲ್ಲಿ ಊರಿನಿಂದ ನಮ್ಮವರ ಫೋನು. "ಎಂತ ನೋಡ್ಲಿಕ್ಕುಂಟು ಅಲ್ಲಿ? ಬಿಸಿಲು ಮತ್ತೆ ಕಾರು. ಹೊರಗೆ ಹೋಗ್ಬೇಡ." "ಇಪ್ಪತ್ತನಾಲ್ಕು ವರ್ಷ ನೀವು ಹೋಗಲಿಲ್ವಾ?" ಎಂದು ಫೋನು ಇಟ್ಟೆ. ಮುಖ ತೊಳೆದು ಹೊರಗೆ ಬಿದ್ದೆ.

ಶರಫಿಯಾ ಎಂದರೆ ನಮ್ಮ ಕಡೆಯ ಪೇಟೆಯೊಂದನ್ನು ಎತ್ತಿ ತಂದಿಟ್ಟ ಹಾಗೆ. ದರ್ಜಿ ಅಂಗಡಿ, ಊರಿಗೆ ಹಣ ಕಳಿಸುವ ಆಫೀಸು, ಪರೋಟ ಬೀಸುವ ಹೋಟೆಲು. ಬೋರ್ಡುಗಳಲ್ಲಿ ಅರಬ್ಬಿಯ ಕೆಳಗೆ ಮಲಯಾಳ, ಇಂಗ್ಲಿಷು, ಉರ್ದು, ಬಂಗಾಳಿ. ಮೂವತ್ತಮೂರು ವರ್ಷ ಕನ್ನಡ ಕಲಿಸಿದವಳು ನಾನು, ಸುಮ್ಮನೆ ಬಿಡುತ್ತೇನಾ? ಎರಡು ಬೀದಿ ಹುಡುಕಿದೆ. ಒಂದು ಕನ್ನಡ ಅಕ್ಷರವೂ ಸಿಗಲಿಲ್ಲ. ಕನ್ನಡ ಕಿವಿಗೆ ಮಾತ್ರ ಬಿತ್ತು. ಹಣ್ಣಿನ ಅಂಗಡಿಯ ಎದುರು ಯಾರೋ ಒಬ್ಬರು "ಎಂತ ಮಾರಾಯ, ನಿನ್ನೆ ಬರ್ತೇನೆ ಅಂತ ಹೇಳಿ ಎಲ್ಲಿ ಹೋದೆ?" ಎಂದು ಫೋನಿನಲ್ಲಿ ಬಯ್ಯುತ್ತಿದ್ದರು. ಬೈಗುಳ ಕೇಳಿ ಅಷ್ಟು ಖುಷಿಯಾದದ್ದು ಜೀವಮಾನದಲ್ಲಿ ಅದೇ ಮೊದಲು.

ಹೊಟ್ಟೆ ಹಸಿದು ಒಂದು ಹೋಟೆಲಿಗೆ ಹೊಕ್ಕೆ. ಹೆಂಗಸು ಎಂದು ನನ್ನನ್ನು ಫ್ಯಾಮಿಲಿಯವರು ಕೂರುವ ಬದಿಗೆ ಕಳಿಸಿ, ಆರು ಜನ ಕೂರುವ ಕೋಣೆಯಲ್ಲಿ ಕೂರಿಸಿ ಪರದೆ ಎಳೆದರು. ಫ್ಯಾಮಿಲಿ ಎಂದರೆ ನಾನೊಬ್ಬಳೇ. ಅನ್ನ, ಮೀನಿನ ಸಾರು, ಹಪ್ಪಳ ಬಂತು. ಹೋಟೆಲಿನಲ್ಲಿ ಒಬ್ಬಳೇ ಕೂತು ಉಂಡದ್ದು ಅದೇ ಮೊದಲು. ಯಾರಿಗೂ ಬಡಿಸಲಿಕ್ಕಿಲ್ಲ, ಯಾರ ತಟ್ಟೆಯನ್ನೂ ನೋಡಲಿಕ್ಕಿಲ್ಲ. ಸಾರು ಎರಡನೇ ಸಲ ಹಾಕಿಸಿಕೊಂಡು ನಿಧಾನಕ್ಕೆ ಉಂಡೆ.

ಮರುದಿನ ಬಲದ್ ಎಂಬ ಹಳೆಯ ಪೇಟೆಗೆ ಹೋದೆ. ಇವರು ಕೆಲಸ ಮಾಡಿದ್ದು ಅಲ್ಲೇ. ಮರದ ಕೆತ್ತನೆಯ ಕಿಟಕಿಗಳಿರುವ ಎತ್ತರದ ಹಳೆಯ ಮನೆಗಳು, ಅವುಗಳ ನೆರಳಿನಲ್ಲಿ ಬಿದ್ದುಕೊಂಡ ಬೆಕ್ಕುಗಳು. ಇಷ್ಟು ಚಂದದ ಜಾಗ ಇವರು ಒಂದು ದಿನವೂ ನನಗೆ ಹೇಳಿರಲಿಲ್ಲ. ಹೇಳಿದ್ದೆಲ್ಲ ಬಿಸಿಲು ಮತ್ತೆ ಕಾರು. ಅಂಗಡಿಯ ಹೆಸರು ನನಗೆ ಬಾಯಿಪಾಠ, ಯಾಕೆಂದರೆ ಅದರ ಪೋಸ್ಟ್ ಬಾಕ್ಸಿಗೇ ಅಷ್ಟು ವರ್ಷ ಕಾಗದ ಬರೆದವಳು ನಾನು. ಕೇಳಿ ಕೇಳಿ ಹುಡುಕಿದರೆ ಅಲ್ಲಿ ಈಗ ಮೊಬೈಲಿನ ಕವರು ಮಾರುತ್ತಿದ್ದರು. ಎದುರಿನ ಕಟ್ಟೆಯ ಮೇಲೆ ಕೂತು ನೀರು ಕುಡಿದೆ. ಅಳು ಬರಲಿಲ್ಲ, ಸಿಟ್ಟೇ ಬಂತು. ಇಷ್ಟು ದೂರದಿಂದ ಬಂದವಳಿಗೆ ಆ ಊರು ಏನೂ ಉಳಿಸಿ ಇಟ್ಟಿರಲಿಲ್ಲ.

ಅಲ್ಲಿಂದಲೇ ರೂಮ್‌ಮೇಟಿಗೆ ಫೋನು ಮಾಡಿದೆ. ಭಟ್ಕಳದವರು, ಅತ್ತರಿನ ಅಂಗಡಿಯಲ್ಲಿ ಕೆಲಸ, ನಮ್ಮವರೊಟ್ಟಿಗೆ ಹದಿನೇಳು ವರ್ಷ ಒಂದೇ ಕೋಣೆಯಲ್ಲಿದ್ದವರು. ನಾನು ಯಾರೆಂದು ಗೊತ್ತಾದ ಕೂಡಲೇ, "ಭಾಭಿ, ಎಲ್ಲಿದ್ದೀರಿ, ಊಟಕ್ಕೆ ಎಲ್ಲಿ ಹೋಗ್ತೀರಿ, ಹೇಳಬೇಕಲ್ವಾ ಮೊದಲೇ" ಎಂದು ಶುರು ಮಾಡಿದರು. "ಊಟ ಬೇಡ ಭಾಯಿ. ಅವರು ಇದ್ದ ರೂಮು ಒಂದು ಸಲ ನೋಡ್ಬೇಕು" ಅಂದೆ.

"ಅದು ಬ್ಯಾಚುಲರ್ ರೂಮ್, ಭಾಭಿ. ಎಂಟು ಜನ ಇದ್ದೇವೆ. ಹೆಂಗಸರು ಬರುವ ಜಾಗ ಅಲ್ಲ."

"ಗೊತ್ತುಂಟು. ಐದು ನಿಮಿಷ ಸಾಕು."

ಕಡೆಗೆ, "ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಬನ್ನಿ" ಅಂದರು. ಬ್ಯಾಚುಲರ್ ಎಂದರೆ ಅಲ್ಲಿ ಮದುವೆಯಾಗದವರು ಅಂತ ಅಲ್ಲ. ಹೆಂಡತಿಯನ್ನು ಊರಿನಲ್ಲಿ ಬಿಟ್ಟು ಬಂದವರೆಲ್ಲ ಬ್ಯಾಚುಲರೇ. ನಮ್ಮವರೂ ಇಪ್ಪತ್ತನಾಲ್ಕು ವರ್ಷ ಬ್ಯಾಚುಲರ್ ಆಗಿದ್ದರು, ನೋಡಿ.

ವಾರವಿಡೀ ದುಡಿಯುವ ಆ ಜನಕ್ಕೆ ಹೊತ್ತೇರುವವರೆಗೆ ಮಲಗಲು ಸಿಗುವುದು ಶುಕ್ರವಾರದ ಬೆಳಗು ಒಂದೇ. ಅದು ನನಗೆ ಹೊಳೆದದ್ದು ಆ ಕಟ್ಟಡದ ಎದುರು ಹೋಗಿ ನಿಂತ ಮೇಲೆ. ರಸ್ತೆಯ ಆಚೆ ಬದಿಯಲ್ಲಿ ಏಳು ಗಂಡಸರು ಸಾಲಾಗಿ ನಿಂತಿದ್ದರು. ತಲೆ ಒದ್ದೆ, ಇಸ್ತ್ರಿ ಮಾಡಿದ ಅಂಗಿ. ಒಬ್ಬರ ಕೈಯಲ್ಲಿ ಹಲ್ಲುಜ್ಜುವ ಬ್ರಶ್ಶು ಇನ್ನೂ ಉಳಿದುಕೊಂಡಿತ್ತು. ನನ್ನನ್ನು ಕಂಡು ಎಲ್ಲರೂ ಒಟ್ಟಿಗೆ ಸಲಾಂ ಹೇಳಿ ನೆಲ ನೋಡಿದರು. ನನಗೊಬ್ಬಳಿಗೆ ನೋಡಲಿಕ್ಕೆಂದು ಏಳು ಜನ ನಿದ್ದೆ ಬಿಟ್ಟು ಬೀದಿಗೆ ಇಳಿದಿದ್ದರು. ನಾಚಿಕೆಯಾಯಿತು, ಆದರೆ ವಾಪಸು ಹೋಗಲು ಮನಸ್ಸು ಬರಲಿಲ್ಲ.

ಎಂಟನೆಯವರೇ ಭಟ್ಕಳದ ಭಾಯಿ. ಮೂರನೇ ಮಾಳಿಗೆಯವರೆಗೆ ಮುಂದೆ ನಡೆದು, ಬಾಗಿಲು ತೆರೆದು, ತಾವು ಹೊರಗೆ ಮೆಟ್ಟಿಲಲ್ಲೇ ನಿಂತರು. ಒಳಗೆ ಊದು ಹಾಕಿ ಪರಿಮಳ ಮಾಡಿದ್ದರು. ಅದರ ಅಡಿಯಲ್ಲಿ ನಿನ್ನೆಯ ಮೀನಿನ ವಾಸನೆ ಹಾಗೆಯೇ ಇತ್ತು. ಕಬ್ಬಿಣದ ಮಂಚ, ಒಂದರ ಮೇಲೊಂದು, ಒಟ್ಟು ಎಂಟು ಹಾಸಿಗೆ. ಒಂದೊಂದಕ್ಕೂ ಹಳೆಯ ಬೆಡ್‌ಶೀಟಿನ ಪರದೆ. ಇದ್ದ ಒಂದು ಕಿಟಕಿಗೆ ಎ.ಸಿ. ಕೂರಿಸಿ ಬೆಳಕು ಮುಚ್ಚಿಹೋಗಿತ್ತು. "ಬಾಗಿಲ ಹತ್ತಿರ, ಕೆಳಗಿನದ್ದು" ಎಂದು ಭಾಯಿ ಹೊರಗಿನಿಂದ ಹೇಳಿದರು.

ಈಗ ಅದು ಬೇರೆ ಯಾರದೋ ಹಾಸಿಗೆ, ಕೂರಲು ಬರುವುದಿಲ್ಲ. ಕಬ್ಬಿಣದ ಕಾಲು ಹಿಡಿದು ನಿಂತೆ. ಮನೆಯಲ್ಲಿ ಇವರು ರಾತ್ರಿ ಎದ್ದರೆ ದೀಪ ಹಾಕುವುದಿಲ್ಲ. ಗೋಡೆ ಸವರಿಕೊಂಡು ಸದ್ದಿಲ್ಲದೆ ಹೋಗಿ ಬರುತ್ತಾರೆ. "ಎಂತದು ಕಳ್ಳನ ಹಾಗೆ, ನಿಮ್ಮದೇ ಮನೆಯಲ್ವಾ" ಎಂದು ಎಷ್ಟು ಸಲ ಬೈದಿದ್ದೇನೋ. ಏಳು ಜನ ಮಲಗಿದ ಕೋಣೆಯಲ್ಲಿ ಕಲಿತ ನಡಿಗೆ ಅದು. ನನಗೆ ಆಗ ಅಳು ಬಂತು, ತಡೆಯಲಿಲ್ಲ. ಇಂಥ ಕೋಣೆಗೆ ಹೆಂಡತಿಯನ್ನು ಹೇಗೆ ಕರೆಸುವುದು, ಅದಕ್ಕೇ ಕರೆಸಲಿಲ್ಲ ಎಂದು ನನಗೆ ನಾನೇ ಉತ್ತರ ಹೇಳಿಕೊಂಡು ಹೊರಗೆ ಬಂದೆ. ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು.

ಕೆಂಪಾದ ಕಣ್ಣು ನೋಡಿ ಭಾಯಿಗೆ ಸಂಕಟವಾಗಿರಬೇಕು. "ಈ ರೂಮು ನೋಡಿ ಬೇಜಾರು ಮಾಡ್ಬೇಡಿ ಭಾಭಿ. ನಿಮಗೆ ಅಂತ ಅವರು ಹಿಡಿದ ಮನೆ ಒಳ್ಳೆಯದಿತ್ತು" ಅಂದರು.

"ಯಾವ ಮನೆ?"

ನನಗೆ ಗೊತ್ತಿಲ್ಲ ಎಂದು ಅವರಿಗೆ ಗೊತ್ತಿರಲಿಲ್ಲ. ಮೆಟ್ಟಿಲು ಇಳಿಯುತ್ತ ಹೇಳಿದರು. ನಮ್ಮ ಮಗಳು ಎಂಟನೇ ಕ್ಲಾಸಿನಲ್ಲಿದ್ದ ವರ್ಷ. ಕಫೀಲ್, ಅಂದರೆ ಇವರ ಅಂಗಡಿಯ ಅರಬ್ ಯಜಮಾನ, ಹೆಂಡತಿ ಮಗಳ ವೀಸಾಕ್ಕೆ ಸಹಿ ಹಾಕಲು ಒಪ್ಪಿದ್ದ. ಇವರು ಹಿಂದಿನ ಬೀದಿಯಲ್ಲಿ ಎರಡು ತಿಂಗಳಿಗೆ ಒಂದು ಸಣ್ಣ ಮನೆ ಹಿಡಿದರು. ಗ್ಯಾಸು, ಪಾತ್ರೆ, ಹೊಸ ಹಾಸಿಗೆ ತಂದರು. ನಮ್ಮ ಪಾಸ್‌ಪೋರ್ಟಿನ ಪ್ರತಿ ಕಳಿಸು ಎನ್ನಲು ಒಂದು ಶುಕ್ರವಾರ ಫೋನು ಮಾಡಿದರು. "ಫೋನು ಮುಗಿಸಿ ಬಂದವರು, ಅವಳಿಗೆ ಎಲೆಕ್ಷನ್ ಡ್ಯೂಟಿ ಅಂತೆ, ಸರಕಾರಿ ಕೆಲಸ, ಬಿಟ್ಟು ಬರ್ಲಿಕ್ಕೆ ಆಗುವುದಿಲ್ಲ ಅಂದರು. ಬಾಡಿಗೆ ಕೊಟ್ಟು ಆಗಿತ್ತು. ಎರಡು ತಿಂಗಳು ಒಬ್ಬರೇ ಅಲ್ಲಿ ಇದ್ದರು ಭಾಭಿ. ಶುಕ್ರವಾರ ನಾವು ಹೋದರೆ ಹೊಸ ಕಪ್ಪಿನಲ್ಲಿ ಚಹಾ ಕೊಡುತ್ತಿದ್ದರು. ಮರುವರ್ಷ ಆ ಕಫೀಲ್ ತೀರಿಕೊಂಡ. ಅವನ ಮಗ ಯಾರಿಗೂ ಸಹಿ ಹಾಕಲಿಲ್ಲ."

ಹಿಂದಿನ ಬೀದಿಗೆ ಕರೆದುಕೊಂಡು ಹೋಗಿ ಎರಡನೇ ಮಾಳಿಗೆಯ ಒಂದು ಕಿಟಕಿ ತೋರಿಸಿದರು. ಯಾರದೋ ಮಕ್ಕಳ ಬಟ್ಟೆ ಒಣಗುತ್ತಿತ್ತು.

ಆ ಫೋನು ನನಗೆ ನೆನಪಿದೆ. ಮರೆತಿದ್ದೆ ಅಂದರೆ ಸುಳ್ಳಾದೀತು. ಇವರು ಪಾಸ್‌ಪೋರ್ಟಿನ ಸುದ್ದಿ ಎತ್ತಲೇ ಇಲ್ಲ. "ಈ ರಜೆಯಲ್ಲಿ ನಿನಗೆ ಎಂತ ಕೆಲಸ ಉಂಟಾ?" ಎಂದು ಕೇಳಿದರು, ಅಷ್ಟೇ. ಆ ವಾರವಷ್ಟೇ ಪಕ್ಕದ ಮನೆಯವಳು ಗಂಡನ ಹತ್ತಿರ ಹೊರಟಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಅವರಿಗೆ ನಾನು ಬೇಡವಾದರೆ ನನಗೂ ನನ್ನ ಕೆಲಸ ಉಂಟು ಎಂದು ತೋರಿಸಬೇಕಿತ್ತು. "ಎಲೆಕ್ಷನ್ ಡ್ಯೂಟಿ ಹಾಕಿದ್ದಾರೆ. ಈ ಎರಡು ತಿಂಗಳು ತಲೆ ಕೆರೆದುಕೊಳ್ಳಲಿಕ್ಕೂ ಪುರುಸೊತ್ತಿಲ್ಲ" ಅಂದೆ. "ಹಾಂ, ಆಗಲಿ" ಎಂದು ಅವರು ಮಗಳ ಪರೀಕ್ಷೆಯ ವಿಷಯ ಕೇಳಿದರು. ಡ್ಯೂಟಿ ಇದ್ದದ್ದು ಎರಡು ದಿನ. ಉಳಿದ ರಜೆಯೆಲ್ಲ ಹಪ್ಪಳ ಒಣಗಿಸುತ್ತ, ಕರೆಸದ ಗಂಡನನ್ನು ಮನಸ್ಸಿನಲ್ಲೇ ಬೈಯುತ್ತ ಮನೆಯಲ್ಲೇ ಕೂತಿದ್ದೆ.

ಭಾಯಿ ಊಟಕ್ಕೆ ಒತ್ತಾಯ ಮಾಡಿದರು. ತಲೆನೋವು ಎಂದು ಹೇಳಿ ಹೋಟೆಲಿಗೆ ಬಂದೆ. ಜುಮಾ ನಮಾಜು ಮುಗಿಯುವ ಹೊತ್ತಿಗೆ ಇವರ ಫೋನು ಬಂತು.

"ರೂಮು ನೋಡಿದಿಯಂತೆ. ಎಂತಕ್ಕೆ ಬೇಕಿತ್ತು ನಿನಗೆ ಅದು?"

"ಹಿಂದಿನ ಬೀದಿಯ ಮನೆಯ ಕಿಟಕಿಯೂ ನೋಡಿದೆ."

ಭಾಯಿ ಹೇಳಿದ್ದೇ ನಿಜ ಎಂಬಂತೆ ನಾನು ಸುಮ್ಮನಿರಬಹುದಿತ್ತು. ಸರಕಾರಿ ಕೆಲಸ, ಏನು ಮಾಡುವುದು ಎಂದು ಇಬ್ಬರೂ ಸಮಾಧಾನ ಮಾಡಿಕೊಳ್ಳಬಹುದಿತ್ತು. ಸಾಕಾಗಿತ್ತು ನನಗೆ. "ಆ ಡ್ಯೂಟಿ ಎರಡೇ ದಿನದ್ದು" ಅಂದೆ.

"ಗೊತ್ತುಂಟು" ಅಂದರು. "ನನ್ನ ತಮ್ಮನೂ ಮಾಷ್ಟ್ರಲ್ವಾ. ನಿನಗೆ ರಜೆ ಹಾಕ್ಲಿಕ್ಕೆ ಆಗ್ತದಾ ಅಂತ ಅವನಿಗೆ ಫೋನ್ ಮಾಡಿ ಕೇಳಿದೆ. ಎರಡು ದಿನದ ಕೆಲಸ ಅಂದ."

"ಮತ್ತೆ ನನ್ನನ್ನು ಯಾಕೆ ಕೇಳಲಿಲ್ಲ?"

"ಎರಡು ದಿನದ ಕೆಲಸಕ್ಕೆ ಎರಡು ತಿಂಗಳು ಪುರುಸೊತ್ತಿಲ್ಲ ಅಂದಿಯಲ್ಲ. ನಿನಗೆ ಬರ್ಲಿಕ್ಕೆ ಮನಸ್ಸಿಲ್ಲ ಅಂತ ತಿಳ್ಕೊಂಡೆ. ಮನಸ್ಸಿಲ್ಲದವಳನ್ನು ಎಂತ ಕೇಳುವುದು."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ನಾನು ಬೇಡವಾಗಿದ್ದೆನಾ ಎಂದು ನಾನು ಇತ್ತ ಕೊರಗುತ್ತಿದ್ದಾಗ, ಅವರೂ ಅತ್ತ ಅದನ್ನೇ ನುಂಗಿಕೊಂಡು ಕೂತಿದ್ದರು.

"ಮನಸ್ಸಿತ್ತು" ಅಂದೆ. "ನನಗೆ ಬರ್ಲಿಕ್ಕೆ ಮನಸ್ಸಿತ್ತು ಮಾರಾಯ್ರೆ. ಪ್ರತಿ ವರ್ಷ ಇತ್ತು."

"ಆ ಮನೆಯ ಅಡುಗೆ ಕೋಣೆಗೆ ನಾನೇ ಬಣ್ಣ ಬಳಿದಿದ್ದೆ. ನಿನಗೆ ಹಿಡಿಸ್ತದಾ ಇಲ್ವಾ ಅಂತ ಗೊತ್ತಿರ್ಲಿಲ್ಲ" ಅಂದರು.

ನಾನು ಕಣ್ಣು ಒರೆಸಿಕೊಂಡು, ಎಂತ ಬಣ್ಣ ಅಂತ ಕೇಳಿದೆ.