ಪೋಡಿಯಾದ ಬಿಟ್‌ಕಾಯಿನ್

ನನ್ನ ತಮ್ಮ ಮನುಷ್ಯರನ್ನು ನಂಬುವವನಲ್ಲ, ದಾಖಲೆಯನ್ನು ನಂಬುವವನು. ಚಿಕ್ಕಯ್ಯನಛತ್ರದ ಕಡೆ ಗ್ರಾಮಲೆಕ್ಕಿಗನಾಗಿ ಸೇರಿದವನು ನಿವೃತ್ತನಾಗಿ ತಿ. ನರಸೀಪುರದಲ್ಲಿ ಮನೆ ಕಟ್ಟಿಕೊಂಡ ಮೇಲೂ ಆ ಗುಣ ಹೋಗಲಿಲ್ಲ. ಪಹಣಿಯಲ್ಲಿ ನಮೂದಾಗದ ಮರದ ಕೆಳಗೆ ಅವನು ನೆರಳಿಗೂ ನಿಲ್ಲುವುದಿಲ್ಲ ಎಂದು ಅವನ ಹೆಂಡತಿಯೇ ಹೇಳುತ್ತಾಳೆ.

ಇಂಥವನ ಮಗಳು ಬಿಟ್‌ಕಾಯಿನ್ ಸಂಪಾದಿಸಿದಳು.

ಅವಳದು ಕಂಪ್ಯೂಟರಿನಲ್ಲಿ ಕಸೂತಿಯ ವಿನ್ಯಾಸ ಬರೆಯುವ ಕೆಲಸ. ಪರದೇಶದ ಹೆಂಗಸೊಬ್ಬಳು ಮೇಜಿನ ಬಟ್ಟೆ, ದಿಂಬಿನ ಚೀಲಗಳಿಗೆಂದು ಬಹಳ ದಿನ ಇವಳಿಂದ ಹೂಬಳ್ಳಿ ಬರೆಸಿಕೊಂಡು, ಕೊನೆಗೆ ಸಂಭಾವನೆಯನ್ನೆಲ್ಲ ಬಿಟ್‌ಕಾಯಿನ್ ರೂಪದಲ್ಲಿ ಒಂದೇ ಗಂಟಾಗಿ ಕಳಿಸಿದಳು. 'ಅದನ್ನು ಎಲ್ಲಿಟ್ಟಿದ್ದೀಯಮ್ಮ?' ಎಂದು ನಾನು ಕೇಳಿದಾಗ ಫೋನು ತೋರಿಸಿ 'ವ್ಯಾಲೆಟ್ಟಿನಲ್ಲಿ, ದೊಡ್ಡಪ್ಪ' ಎಂದಳು. ಅದ್ವೈತದ ಉಪನ್ಯಾಸಗಳಲ್ಲಿ ತಲೆಯಾಡಿಸುವಷ್ಟೇ ಭಕ್ತಿಯಿಂದ ತಲೆಯಾಡಿಸಿದೆ. ನಂಜನಗೂಡಿನ ಹೈಸ್ಕೂಲಿನಲ್ಲಿ ಚರಿತ್ರೆ ಹೇಳಿಕೊಟ್ಟವನಿಂದ ಅದಕ್ಕಿಂತ ಹೆಚ್ಚಿನದನ್ನು ಯಾರೂ ನಿರೀಕ್ಷಿಸಬಾರದು.

ತಮ್ಮ ಮೊದಲು ಮುಖ ಗಂಟಿಕ್ಕಿದ. ಮಗಳು ಅವನ ಮರ್ಮ ಬಲ್ಲವಳು. "ಅಪ್ಪ, ಇದಕ್ಕೆ ಪಬ್ಲಿಕ್ ರೆಕಾರ್ಡ್ ಇದೆ. ಯಾರು ಬೇಕಾದ್ರೂ ನೋಡಬಹುದು, ಯಾರೂ ತಿದ್ದೋಕಾಗಲ್ಲ" ಎಂದಳು. ತಿದ್ದಲಾಗದ ದಾಖಲೆ! ಇಡೀ ಸರ್ವಿಸಿನಲ್ಲಿ ಅವನು ಕಾಣದೆ ಹೋದ ಸಾಕ್ಷಾತ್ಕಾರ ಅದು. ಅವಳ ಬಿಟ್‌ಕಾಯಿನ್ ಇದ್ದ ಅಡ್ರೆಸ್ಸನ್ನು, ಅಂದರೆ ಅಕ್ಷರ ಅಂಕಿಗಳ ಒಂದು ಉದ್ದನೆಯ ಸಾಲನ್ನು, ತನ್ನ ಫೋನಿನಲ್ಲಿ ಸ್ಥಾಪಿಸಿಕೊಂಡ. ಅಂದಿನಿಂದ ಬೆಳಗ್ಗೆ ಸ್ನಾನ ಮುಗಿಸಿ ಆ ರೆಕಾರ್ಡನ್ನು ತೆರೆದು, ಬಾಕಿ ಎಷ್ಟಿದೆಯೆಂದು ದರ್ಶನ ಮಾಡಿದ ಮೇಲೆಯೇ ಕಾಫಿ.

ಆ ಗಂಟಿನಿಂದ ಹುಡುಗಿ ಬಸ್ ಸ್ಟ್ಯಾಂಡಿನ ಹತ್ತಿರ ರವಿಕೆಗಳಿಗೆ ಕಂಪ್ಯೂಟರ್ ಎಂಬ್ರಾಯ್ಡರಿ ಹಾಕುವ ಅಂಗಡಿ ತೆರೆಯುವುದೆಂದಾಯಿತು. ಮಳಿಗೆಯ ಮಾಲೀಕರು ಬನ್ನೂರು ಕಡೆಯ ರೈತರು. ಮದುವೆಯಾಗದ ಹುಡುಗಿಗೆ ಬಾಡಿಗೆಗೆ ಕೊಡಬೇಕಾದರೆ ಅಪ್ಪನ ಸಹಿ ಬೇಕೇ ಬೇಕು ಎಂದರು. ಅಪ್ಪ ಒಪ್ಪಿದ. ಮುಂಗಡಕ್ಕೆಂದು ಮಗಳು ಸ್ವಲ್ಪ ಬಿಟ್‌ಕಾಯಿನ್ ಮಾರಿದಳು. ಶುಕ್ರವಾರ ಮಧ್ಯಾಹ್ನ ಸಹಿ. ಶುಕ್ರವಾರ ಬೆಳಗ್ಗೆ ನನಗೆ ತಮ್ಮನ ಫೋನು ಬಂತು.

"ಅಣ್ಣ, ತಕ್ಷಣ ಹೊರಟು ಬಾ."

"ಯಾರಿಗೇನಾಯ್ತೋ?"

"ಸೊನ್ನೆ ಆಯ್ತು."

ನಂಜನಗೂಡಿನಿಂದ ಬಸ್ಸು ಹಿಡಿದು ಹೋದೆ. ಬಾಗಿಲಲ್ಲೇ ತಮ್ಮನ ಹೆಂಡತಿ ಎದುರಾದಳು. "ಬನ್ನಿ ಭಾವ. ಅಪ್ಪನೂ ಮಗಳೂ ಇನ್ನೂ ಕಾಫಿ ಮುಟ್ಟಿಲ್ಲ. ಸೊನ್ನೆ ಆಗಿರೋದು ಡಿಕಾಕ್ಷನ್ ಅಲ್ಲವಲ್ಲ ಅಂದ್ರೂ ಕೇಳ್ತಿಲ್ಲ."

ಒಳಗೆ ತಮ್ಮ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಸಹಿಗೆ ಸಿದ್ಧನಾಗಿ, ಸಹಿ ಹಾಕುವುದಿಲ್ಲವೆಂದು ಕೂತಿದ್ದ. ಮಗಳು ಕಿಟಕಿಯ ಪಕ್ಕ ನಿಂತಿದ್ದಳು.

"ಸ್ವಲ್ಪ ಮಾರ್ತೀನಿ ಅಂದ್ಳು, ಅಷ್ಟನ್ನೂ ಮಾರಿದ್ದಾಳೆ ಅಣ್ಣ. ಯಾರಿಗೆ ಕೊಟ್ಟೆ ಅಂದ್ರೆ ಇಲ್ಲೇ ಇದೆ ಅಂತಾಳೆ!"

"ಇಲ್ಲೇ ಇದೆ ದೊಡ್ಡಪ್ಪ, ನೋಡಿ" ಎಂದು ಹುಡುಗಿ ತನ್ನ ಫೋನು ಚಾಚಿದಳು. ಮಾರಿದ ಚೂರು ಬಿಟ್ಟು ಮಿಕ್ಕದ್ದೆಲ್ಲ ವ್ಯಾಲೆಟ್ಟಿನಲ್ಲಿ ಭದ್ರವಾಗಿತ್ತು. ತಮ್ಮನ ಫೋನು ನೋಡಿದೆ. ಅಲ್ಲಿ ದುಂಡಗೆ, ನಿರ್ವಿಕಾರವಾಗಿ, ಸೊನ್ನೆ.

"ಅದು ನಿನ್ನ ಫೋನು, ನಿನ್ನ ಪರವಾಗೇ ಸಾಕ್ಷಿ ಹೇಳುತ್ತೆ. ಇದು ಪಬ್ಲಿಕ್ ರೆಕಾರ್ಡು" ಎಂದ ತಮ್ಮ.

"ಹಾಗಾದ್ರೆ ನನ್ನ ಮಾತು, ಅಪ್ಪ?"

"ಮಾತು ದಾಖಲೆ ಅಲ್ಲಮ್ಮ."

ಹುಡುಗಿ ಕಿಟಕಿಯಾಚೆ ನೋಡತೊಡಗಿದಳು. ಅಷ್ಟರಲ್ಲಿ ಮಾಲೀಕರ ಫೋನು. ಅವರ ದನಿಗೆ ಸ್ಪೀಕರಿನ ಅಗತ್ಯವಿರಲಿಲ್ಲ. "ಏನ್ ಸಾ, ಬತ್ತೀರೋ ಇಲ್ವೋ? ಮೊಬೈಲ್ ಅಂಗ್ಡಿ ಹಾಕ್ತೀನಿ ಅಂತ ಒಬ್ಬ ಬಾಗ್ಲಲ್ಲೇ ಕೂತವ್ನೆ. ಮಧ್ಯಾನದ ಮ್ಯಾಲೆ ನನ್ನ ಕೇಳ್ಬ್ಯಾಡಿ ಕಣ್ರೀ!"

ನಾನು ಕುರ್ಚಿ ಎಳೆದುಕೊಂಡು ವಿಚಾರಣಾಧಿಕಾರಿಯ ಗಾಂಭೀರ್ಯದಿಂದ ಕೂತೆ. "ನಡೆದದ್ದನ್ನ ಕನ್ನಡದಲ್ಲಿ ಹೇಳಮ್ಮ" ಎಂದೆ.

"ಆಯಮ್ಮ ಕಳಿಸಿದ್ದು ಒಂದೇ ಗಂಟು, ದೊಡ್ಡಪ್ಪ. ಅದನ್ನ ಇದ್ದ ಜಾಗದಲ್ಲೇ ಬಿಟ್ಟು ಒಂದು ಚೂರು ಮುರಿದು ಕೊಡೋಕಾಗಲ್ಲ. ಇಡೀ ಗಂಟು ಹಳೇ ಅಡ್ರೆಸ್ಸಿಂದ ಏಳುತ್ತೆ, ಎರಡಾಗುತ್ತೆ. ಚಿಕ್ಕದು ಕೊಂಡವರಿಗೆ, ದೊಡ್ಡದು ನನಗೇ ವಾಪಸ್ಸು. ಆದ್ರೆ ಬರೋದು ಹೊಸ ಅಡ್ರೆಸ್ಸಿಗೆ. ಆ ಹೊಸದನ್ನ ವ್ಯಾಲೆಟ್ಟೇ ಮಾಡಿಕೊಳ್ಳುತ್ತೆ. ವ್ಯಾಲೆಟ್ಟು ನನ್ನ ಅಡ್ರೆಸ್ಸುಗಳನ್ನೆಲ್ಲ ಕೂಡಿ ತೋರಿಸುತ್ತೆ. ಅಪ್ಪ ನೋಡ್ತಿರೋದು ಹಳೇದೊಂದನ್ನೇ."

"ಹೊಸದು ಯಾಕೆ?"

"ಕಂಡೋರೆಲ್ಲ ದಿನಾ ಬೆಳಗ್ಗೆ ಇಣುಕಿ ನೋಡಬಾರದು ಅಂತ" ಎಂದು ಅಪ್ಪನತ್ತ ತಿರುಗಿದಳು.

"ಕಥೆ" ಎಂದ ತಮ್ಮ. "ಎದ್ದು ಹೋಗಿ, ಎರಡಾಗಿ, ಇನ್ನೊಂದು ಕಡೆ ಹುಟ್ಟುತ್ತಂತೆ."

ಎದ್ದು, ಎರಡಾಗಿ, ಹೊಸ ನಂಬರಿನಲ್ಲಿ. ಇದನ್ನು ನಾನು ಎಲ್ಲೋ ಕೇಳಿದ್ದೆ. ಎಲ್ಲಿ ಎಂದು ಹೊಳೆದಾಗ ನನಗಾದ ಆನಂದವನ್ನು ವರ್ಣಿಸುವುದು ವಿನಯಕ್ಕೆ ವಿರುದ್ಧ.

"ಲೋ, ನಮ್ಮಿಬ್ಬರ ಗದ್ದೆ ಪೋಡಿ ಮಾಡಿಸಿದ್ದು ಯಾರು?"

"ನಾನೇ. ಈಗ್ಯಾಕೆ ಅದು?"

"ಪೋಡಿ ಅಂದ್ರೇನು ಅಂತ ನಿನ್ನ ಮಗಳಿಗೆ ಹೇಳು."

ಇಂಥ ಪ್ರಶ್ನೆಗೆ ಅವನು ನಿದ್ದೆಯಲ್ಲೂ ಎದ್ದು ಕೂರುತ್ತಾನೆ. "ಒಂದು ಸರ್ವೆ ನಂಬರನ್ನ ಅಳೆದು, ಭಾಗ ಮಾಡಿ, ಒಂದೊಂದು ಭಾಗಕ್ಕೂ ಬೇರೆ ನಂಬರ್ ಕೊಡೋದು. ಇಷ್ಟೂ ಗೊತ್ತಿಲ್ವ?"

"ಆಮೇಲೆ ಹಳೇ ನಂಬರಿನ ಪಹಣಿ ತೆಗೆದ್ರೆ ಏನು ಕಾಣುತ್ತೆ?"

"ಹಳೇದರಲ್ಲಿ ಏನಿರುತ್ತೆ ಅಣ್ಣ? ಹೊಸ ನಂಬರ್ ಹಾಕಿ ನೋಡಬೇಕು. ದಡ್ಡರು ಹಳೇ ನಂಬರ್ ತಗೊಂಡು ಬಂದು, ಜಮೀನೇ ಹೋಯ್ತು ಅಂತ ಆಫೀಸಲ್ಲಿ ಗಲಾಟೆ..."

ಅಲ್ಲಿಗೆ ನಿಂತ. ಬಾಯಿ ಮುಚ್ಚಲಿಲ್ಲ, ಮಾತು ಮಾತ್ರ ನಿಂತಿತು.

"ಹೇಳಪ್ಪ. ನಿನ್ನ ಪಾಲಿನ ಗದ್ದೆ ಕಪಿಲಾ ಹೊಳೆಗೆ ಹೋಯ್ತೋ?"

ಅಡುಗೆಮನೆಯಿಂದ ತಡೆದ ನಗು ಕೇಳಿಸಿತು. ತಮ್ಮ ಕನ್ನಡಕ ಹಾಕಿಕೊಂಡ. ಅದು ಶರಣಾಗತಿಯಲ್ಲ, ಸ್ಥಳ ತನಿಖೆ.

"ಹೊಸ ನಂಬರ್ ಎಲ್ಲಿದೆ? ನನ್ನ ಫೋನಲ್ಲಿ ತೋರಿಸು. ನಿಂದು ಬೇಡ."

ಹುಡುಗಿ ಅವನ ಫೋನಿನಲ್ಲಿ ಸೊನ್ನೆಯ ಕೆಳಗಿದ್ದ ವರ್ಗಾವಣೆಯ ಸಾಲನ್ನು ಒತ್ತಿದಳು. ಅಲ್ಲೇ ಇತ್ತು: ಹಳೇ ಅಡ್ರೆಸ್ಸು ಎಡಕ್ಕೆ, ಬಲಕ್ಕೆ ಎರಡು, ಒಂದು ಚಿಕ್ಕದು, ಒಂದು ದೊಡ್ಡದು. ತಮ್ಮ ಎರಡನ್ನೂ ಕೂಡಿದ. ಮುಖ ಮತ್ತೆ ಬಿಗಿಯಿತು.

"ಕೂಡಿದ್ರೂ ಮೊದಲಿನಷ್ಟು ಆಗಲ್ಲ. ಕೊಸರು ಎಲ್ಲಿ ಹೋಯ್ತು?"

"ಅದು ಫೀಸು ಅಪ್ಪ. ರೆಕಾರ್ಡಿಗೆ ಸೇರಿಸಿದ್ದಕ್ಕೆ."

"ಫೀಸು ಇದೆಯಾ?" ಅವನ ದನಿಯಲ್ಲಿ ಮೊದಲ ಬಾರಿಗೆ ಗೌರವ ಕಾಣಿಸಿತು. "ಹಾಗಾದ್ರೆ ಪದ್ಧತಿ ಪ್ರಕಾರವೇ ಆಗಿದೆ. ಸರಿ, ಈ ದೊಡ್ಡ ಭಾಗ ನಿಂದೇ ಅನ್ನೋಕೆ ಏನಾಧಾರ?"

ಅವಳು ತನ್ನ ವ್ಯಾಲೆಟ್ಟಿನ ಅಡ್ರೆಸ್ಸುಗಳ ಪಟ್ಟಿ ತೆಗೆದುಕೊಟ್ಟಳು. ನಾನು ಪಬ್ಲಿಕ್ ರೆಕಾರ್ಡಿನಿಂದ ಓದಬೇಕು, ಅವನು ಪಟ್ಟಿಯಲ್ಲಿ ಬೆರಳಿಟ್ಟು ತಾಳೆ ನೋಡಬೇಕು ಎಂದಾಯಿತು. "ಬಿ, ಸಿ, ಒಂದು, ಕ್ಯೂ..." ಎಂದು ಆರಂಭಿಸಿದೆ.

"ನಿಧಾನಕ್ಕೆ ಅಣ್ಣ, ಇದು ನಿನ್ನ ಕ್ಲಾಸಲ್ಲ."

ಸಂಕಲ್ಪಕ್ಕೆ ಕೂತವರಂತೆ ಅಕ್ಷರ ಅಕ್ಷರವಾಗಿ ಪಠಿಸಿದೆವು. ಕಾಫಿ ತಂದ ಅವನ ಹೆಂಡತಿ ಲೋಟ ಕೆಳಗಿಡಲೂ ಹೆದರಿ ಹಾಗೇ ನಿಂತಳು. ಕೊನೆಯ ಅಕ್ಷರಕ್ಕೆ ಬೆರಳು ನಿಂತಿತು.

"ತಾಳೆ ಆಯ್ತು" ಎಂದ ತಮ್ಮ. ಅವನ ಕಚೇರಿಯ ಭಾಷೆಯಲ್ಲಿ ಅದಕ್ಕಿಂತ ದೊಡ್ಡ ಹಾಡು ಇಲ್ಲ. ಮಗಳು ಕೈ ತಟ್ಟಿದಳು, ನಾನು ಎದ್ದು ನಿಂತೆ, ಕಾಫಿ ಚೆಲ್ಲಿತು, ಯಾರೂ ಲೆಕ್ಕಿಸಲಿಲ್ಲ.

ಮಧ್ಯಾಹ್ನದೊಳಗೆ ಮಳಿಗೆಯ ಮುಂದೆ ಇದ್ದೆವು. ಬಾಗಿಲಲ್ಲಿ ಕೂತಿದ್ದ ಮೊಬೈಲಿನವನು ನಮ್ಮ ಮೆರವಣಿಗೆ ನೋಡಿ ತಾನಾಗಿಯೇ ಎದ್ದು ಹೋದ. ತಮ್ಮ ಕ್ರಮಬದ್ಧವಾಗಿ ಸಹಿ ಹಾಕಿದ. ಹಾಕಿದ ಮೇಲೆ ಬಿಟ್‌ಕಾಯಿನ್ ಪೋಡಿಯ ವಿಚಾರವನ್ನು, ತಾನೇ ಕಂಡುಹಿಡಿದವನಂತೆ, ಮಾಲೀಕರಿಗೆ ವಿವರಿಸಿದ. "ಅಂಗಾ ಸಾ? ಅಂಗಾರೆ ಜಮೀನಿದ್ದಂಗೇ ಅನ್ನಿ" ಎಂದು ಅವರು ಕೀಲಿಕೈಯನ್ನು ಹುಡುಗಿಯ ಕೈಗೆ ಕೊಟ್ಟರು.

ಬರುವಾಗ ತಮ್ಮ, "ಆ ಹೊಸ ನಂಬರನ್ನ ನನ್ನ ಫೋನಿಗೆ ಹಾಕಿಕೊಡಮ್ಮ" ಎಂದ.

"ಎಂಬ್ರಾಯ್ಡರಿ ಮೆಷಿನ್ ತರೋವಾಗ ಅದೂ ಪೋಡಿ ಆಗುತ್ತೆ ಅಪ್ಪ. ಎಷ್ಟು ನಂಬರ್ ಹಿಡ್ಕೊಂಡು ಓಡಾಡ್ತೀರಿ? ನನ್ನನ್ನೇ ಕೇಳಿ, ಹೇಳ್ತೀನಿ."

ಅವನು ಫೋನನ್ನು ಜೇಬಿಗೆ ಹಾಕಿಕೊಂಡ. ಮೆಷಿನ್ ಬಂದ ಮರುದಿನ ನಾನು ಅವರ ಮನೆಯಲ್ಲೇ ಇದ್ದೆ. ಸ್ನಾನ ಮುಗಿಸಿ ಬಂದ ತಮ್ಮ, ಮೇಜಿನ ಮೇಲಿದ್ದ ಫೋನನ್ನು ಮುಟ್ಟದೆ, "ಎಷ್ಟಿದೆಯಮ್ಮ ಈಗ?" ಎಂದ. ಅವಳು ಹೇಳಿದಳು.

"ಸರಿ" ಎಂದವನು ಕಾಫಿಗೆ ಕೈ ಚಾಚಿದ.