ಹಗ್ಗ ಬಿಟ್ಟು ಹೋದ ಐನೂರು ಪುಸ್ತಕ

ಸಂತೆಬಾಚಹಳ್ಳಿಯ ದನದ ದಲ್ಲಾಳಿ ಕರಿಯಯ್ಯನಿಗೆ ಓದಲು ಬರುತ್ತಿರಲಿಲ್ಲ. ಆದರೂ ತೊಂಬತ್ನಾಲ್ಕನೇ ಇಸವಿಯಲ್ಲಿ ನಮ್ಮ ಹೋಬಳಿಯಲ್ಲಿ ಅವನಷ್ಟು ಪುಸ್ತಕ ಇಟ್ಟುಕೊಂಡವರು ಯಾರೂ ಇರಲಿಲ್ಲ. ನಾನು ಅಲ್ಲಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು, ನನ್ನ ಮನೆಯಲ್ಲೂ ಅಷ್ಟಿರಲಿಲ್ಲ. ಹೇಳಿಕೊಳ್ಳಲು ಈಗಲೂ ಸ್ವಲ್ಪ ಹೊಟ್ಟೆಯುರಿ.

ಎಲ್ಲ ಶುರುವಾದದ್ದು ಹೇಮಗಿರಿಯ ದನದ ಜಾತ್ರೆಯಲ್ಲಿ, ದನ ಕಟ್ಟುವ ಬಯಲಿನಲ್ಲಿ. ಮೈಸೂರಿನಲ್ಲಿ ಓದುತ್ತಿದ್ದ ಟಾಂಜಾನಿಯಾದ ಡೇನಿಯಲ್ ಎಂಬ ಯುವಕ ದನ ನೋಡಲು ಬಂದಿದ್ದ. ಅವನ ಊರಿನವರೂ ದನ ಸಾಕುವವರು. ಎರಡು ವರ್ಷದಲ್ಲಿ ತಕ್ಕಮಟ್ಟಿಗೆ ಕನ್ನಡ ಕಲಿತಿದ್ದ. ಕರಿಯಯ್ಯ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಟವೆಲ್ಲಿನಡಿ ಬೆರಳು ಹಿಡಿದು ವ್ಯಾಪಾರ ಕುದುರಿಸುವುದನ್ನು ಕಲಿಸಿದ. ಮಾತಿನ ನಡುವೆ ಡೇನಿಯಲ್, ತನ್ನೂರಿನ ಸ್ಕೂಲಿನಲ್ಲಿ ಹತ್ತು ಮಕ್ಕಳಿಗೆ ಒಂದು ಪುಸ್ತಕ ಎಂದ. ಮೈಸೂರಿನ ಒಂದು ಸಂಘದವರು ಹಳೆಯ ಇಂಗ್ಲಿಷ್ ಪುಸ್ತಕಗಳನ್ನು ಹಡಗಿನಲ್ಲಿ ಕಳಿಸಲು ತಯಾರಿದ್ದಾರೆ, ಪುಸ್ತಕವೇ ಸಿಗುತ್ತಿಲ್ಲ ಎಂದ. ಕರಿಯಯ್ಯ ಟವೆಲ್ಲಿನಡಿಯೇ ಅವನ ಕೈ ಅದುಮಿ, "ಐನೂರು ಬುಕ್ಕು ನಾನ್ ಕೊಡಿಸ್ತೀನಿ, ಓಗು" ಅಂದುಬಿಟ್ಟ.

ಟವೆಲ್ಲಿನಡಿ ಕೊಟ್ಟ ಮಾತನ್ನು ಅವನು ಮೂವತ್ತು ವರ್ಷದಲ್ಲಿ ಒಮ್ಮೆಯೂ ತಪ್ಪಿರಲಿಲ್ಲ. ತಪ್ಪಿದರೆ ಇನ್ನು ಯಾವ ಸಂತೆಯಲ್ಲೂ ತಲೆ ಎತ್ತುವಂತಿರಲಿಲ್ಲ.

ಮೊದಲು ನನ್ನ ಮನೆಗೇ ಬಂದ. ಬಾಗಿಲಲ್ಲಿ ಅವನನ್ನು ಕಂಡದ್ದೇ ನನ್ನ ದಪ್ಪ ಡಿಕ್ಷನರಿಯನ್ನು ದಿಂಬಿನ ಕೆಳಗೆ ತಳ್ಳಿ, ಒಂದು ಹರಕಲು ಗ್ರಾಮರ್ ಪುಸ್ತಕ ಕೊಟ್ಟೆ. ಅವನು ಅದನ್ನು ಕೈಯಲ್ಲಿ ತೂಗಿ, ಬೆನ್ನು ಸವರಿ, ಅಗಲಿಸಿ ನೋಡಿದ.

"ಇದ್ರ ಬಾಯಲ್ಲಿ ಹಲ್ಲೇ ಇಲ್ವಲ್ಲ ಮೇಷ್ಟ್ರೇ. ದಿಂಬಿನ್ ಕೆಳ್ಗೆ ಮನಗಿರೋ ಓರಿ ಚೆನ್ನಾಗದೆ."

ನಾನು ಕೇಳಿಸದವನಂತೆ ಕಾಫಿ ಕುಡೀತೀಯಾ ಎಂದೆ.

ನನ್ನದಾದರೂ ಜಿಪುಣತನ. ಊರಿನ ಹೆಂಗಸರದು ಭಯ. ಮಗಳು ಸಹನಳನ್ನು ಪಿಯುಸಿಗೆ ಕಳಿಸುತ್ತಿದ್ದ ಬೈರಮ್ಮ ಖಡಾಖಂಡಿತವಾಗಿ ಹೇಳಿಬಿಟ್ಟಳು: "ಬುಕ್ಕು ಮನೆ ದಾಟಿದ್ರೆ ಮಗಿನ್ ವಿದ್ಯೆನೂ ಅದ್ರ ಇಂದೇ ಒಂಟೋಯ್ತದೆ ಕಣಣ್ಣ. ನಾ ಕೊಡಾಕಿಲ್ಲ." ಮಾತು ಮನೆಮನೆಗೂ ಹಬ್ಬಿತು. ಮೂರು ವಾರ ತಿರುಗಿದರೂ ಕರಿಯಯ್ಯನ ಚೀಲದಲ್ಲಿ ನನ್ನ ಹಲ್ಲಿಲ್ಲದ ಗ್ರಾಮರ್ ಒಂದೇ.

ಆಗ ಅವನ ದಲ್ಲಾಳಿ ಬುದ್ಧಿ ಎಚ್ಚೆತ್ತಿತು, ದನ ಕಟ್ಟುವ ಹಗ್ಗ ನೆನಪಾಯಿತು.

"ಬೈರಮ್ಮ, ಎತ್ತು ಮಾರ್ದಾಗ ಅಗ್ಗ ಕೊಟ್ಟಿದ್ಯಾ?"

"ಅಗ್ಗ ಯಾರಾರ ಕೊಟ್ಟಾರಾ? ಕೊಟ್ರೆ ಕೊಟ್ಟಿಗೆ ಭಾಗ್ಯವೇ ಓಯ್ತದೆ. ತಕ್ಕೊಂಡೋನು ಒಸ ಅಗ್ಗ ತತ್ತಾನೆ."

"ಇದೂ ಅಂಗೇಯ. ಎಸ್ರು ಬರ್ದಿರೋ ಮೊದಲ್ನೇ ಆಳೆ ಅರ್ಕೊಂಡು ಮಡಿಕ್ಕೊ. ಅಗ್ಗ ನಿನ್ನ ಮನೇಲೇ ಇರ್ತದಲ್ಲ."

ಅಷ್ಟೇ. ಬೈರಮ್ಮ ಪರ್ರನೆ ಹಾಳೆ ಹರಿದಳು, ಪುಸ್ತಕ ಕೊಟ್ಟಳು. ಹಾಳೆಯನ್ನು ದೇವರ ಗೂಡಿನಲ್ಲಿಟ್ಟಳು. ಆಮೇಲೆ ಪಾಂಡವಪುರ, ನಾಗಮಂಗಲ, ಬಿಂಡಿಗನವಿಲೆ, ಅವನು ದನ ನೋಡಲು ಹೋದಲ್ಲೆಲ್ಲ ಪರ್ರ್ ಪರ್ರ್. ಇಂಗ್ಲಿಷ್ ಮೇಷ್ಟ್ರಾದ ನನಗೆ ಮೈ ಉರಿಯುತ್ತಿತ್ತು. ಆದರೆ ದಿಂಬಿನ ಕೆಳಗೆ ಡಿಕ್ಷನರಿ ಇಟ್ಟುಕೊಂಡವನು ಯಾವ ಬಾಯಲ್ಲಿ ಬುದ್ಧಿ ಹೇಳಲಿ? ಕರಿಯಯ್ಯನ ಹೆಂಡತಿ ಪುಟ್ಟಲಕ್ಷ್ಮಮ್ಮ ಮಾತ್ರ, "ಕೊಟ್ಟಿಗೆ ತುಂಬಾ ಬುಕ್ಕು. ಇವುಕ್ಕೂ ಉಲ್ಲು ಆಕ್ಬೇಕಾ?" ಎಂದು ದಿನಾ ಕೂಗಾಡುತ್ತಿದ್ದಳು.

ಕೊನೆಗೆ ಸಂಘದ ಚೌಡಯ್ಯ ಡೇನಿಯಲ್‌ನನ್ನು ಕರೆದುಕೊಂಡು ವ್ಯಾನಿನಲ್ಲಿ ಬಂದರು. ಒಂದು ಪುಸ್ತಕ ತೆರೆದರು, ಇನ್ನೊಂದು ತೆರೆದರು, ಮುಖ ಬಿಗಿಯಿತು.

"ಏನ್ರೀ ಇದು, ಒಂದರಲ್ಲೂ ಹೆಸರಿನ ಹಾಳೆ ಇಲ್ಲ? ಕದ್ದ ಮಾಲಾ? ನಾವು ಇದನ್ನ ಮುಟ್ಟೋದಿಲ್ಲ."

ದನದ ದಲ್ಲಾಳಿಗೆ ಕದ್ದ ಮಾಲು ಎನ್ನುವುದಕ್ಕಿಂತ ದೊಡ್ಡ ಬೈಗುಳವಿಲ್ಲ. ಕರಿಯಯ್ಯ ಹೆಗಲ ಟವೆಲ್ ಕೈಗೆ ತೆಗೆದುಕೊಂಡ, ಕೊಡವಿ ಮತ್ತೆ ಹೆಗಲಿಗೇ ಹಾಕಿಕೊಂಡ. ನನಗೆ ನಿಜವಾಗಿಯೂ ಸಂಕಟವಾಯಿತು. ಹಗ್ಗದ ಕತೆಯನ್ನು ನಾನೇ ಹೇಳಿದೆ. "ಪುಸ್ತಕ ಏನು ದನಾನಾ?" ಎಂದು ಚೌಡಯ್ಯ ನಕ್ಕರು.

ಡೇನಿಯಲ್ ನಗಲಿಲ್ಲ. "ನಮ್ಮ ಊರಲ್ಲೂ ಹಗ್ಗ ಕೊಡಲ್ಲ ಸಾರ್. ಹಗ್ಗದ ಸಮೇತ ಬಂದರೆ ಕದ್ದ ದನ ಅಂತ ನನ್ನ ತಾಯಿ ವಾಪಸ್ ಕಳಿಸ್ತಾಳೆ," ಎಂದ. ಆಮೇಲೆ ಕರಿಯಯ್ಯನ ಕಡೆ ತಿರುಗಿ, "ಹೊಸ ಹಗ್ಗ ನಾನು ತರಬೇಕಿತ್ತು. ಬರೀ ಕೈಲಿ ಬಂದೆ. ತಪ್ಪು ನಂದು" ಎಂದ.

ಅಂಗಡಿಗೆ ಹೋಗಿ ಬಿಳಿ ಹಾಳೆಯ ಕಟ್ಟು ತಂದ. ಬೈರಮ್ಮ ಮೈದಾ ಹಿಟ್ಟಿನ ಅಂಟು ಕಾಯಿಸಿದಳು. ಅಂಗಳದಲ್ಲಿ ಊರೆಲ್ಲ ಕೂತು ಹಾಳೆ ಅಂಟಿಸಿತು. ಪ್ರತಿ ಹಾಳೆಯ ಮೇಲೆ ಪುಸ್ತಕ ಯಾವುದೆಂದು ಚೌಡಯ್ಯ ಗೊಣಗುತ್ತಲೇ ಬರೆದರು. ಕೆಳಗೆ ಡೇನಿಯಲ್ ಊರಿನ ಮಗುವಿನ ಹೆಸರಿಗೆ ಜಾಗ ಬಿಟ್ಟರು.

ವ್ಯಾನಿಗೆ ತುಂಬುವಾಗ ಎಣಿಸಿದರೆ ನಾನೂರ ತೊಂಬತ್ತೊಂಬತ್ತು. ಕರಿಯಯ್ಯ ಯಾರ ಮುಖವನ್ನೂ ನೋಡದೆ ಹೇಳಿದ:

"ಮಾತು ಐನೂರಕ್ಕೆ. ಎಲ್ಲೋ ಒಂದು ಓರಿ ಇನ್ನೂ ಮನಗೈತೆ."

ನಾನು ಮನೆಗೆ ಓಡಿದೆ. ಆ ಡಿಕ್ಷನರಿ ನನಗೆ ಬಿ.ಎಡ್. ಮುಗಿದಾಗ ಅಪ್ಪ ಕೊಡಿಸಿದ್ದು. ಮೊದಲ ಹಾಳೆಯಲ್ಲಿ ನನ್ನ ಹೆಸರನ್ನು ಅವರೇ ಬರೆದಿದ್ದರು. ಅವರು ಹೋಗಿ ಆರು ವರ್ಷವಾಗಿತ್ತು, ಅವರ ಅಕ್ಷರ ಅಂತ ಮನೆಯಲ್ಲಿ ಇದ್ದದ್ದು ಅದೊಂದೇ. ಅದನ್ನು ತಂದು ಕೊಟ್ಟೆ. ಹಾಳೆ ಹರಿದರೆ ಮೈ ಉರಿಯುತ್ತಿದ್ದ ನಾನೇ ಮೊದಲ ಹಾಳೆ ತೆರೆದು ಹಿಡಿದೆ. ಕರಿಯಯ್ಯ ಆ ಹಾಳೆಯನ್ನು ಸ್ವಲ್ಪವೂ ಅಂಚು ಕೆಡದಂತೆ ಬಿಡಿಸಿ ನನ್ನ ಅಂಗೈಯಲ್ಲಿಟ್ಟ.

"ತಗಳಿ ಮೇಷ್ಟ್ರೇ, ನಿಮ್ಮ ಅಗ್ಗ."

ಒಂದು ತಿಂಗಳಾದ ಮೇಲೆ ಪುಟ್ಟಲಕ್ಷ್ಮಮ್ಮ ದಾರಿಯಲ್ಲಿ ಸಿಕ್ಕಿ, ಹುಲ್ಲಿನ ಕೆಳಗೆ ಇನ್ನೂ ಎಂಟು ಪುಸ್ತಕ ಉಳಿದುಹೋಗಿವೆ ಎಂದಳು. ಅಂದರೆ ನನ್ನ ಡಿಕ್ಷನರಿ ಇಲ್ಲದೆಯೇ ಐನೂರು ಮೀರಿತ್ತು. ನಾನು ಸಿಟ್ಟಿನಿಂದ ನೆಟ್ಟಗೆ ಕರಿಯಯ್ಯನ ಹತ್ತಿರ ಹೋದೆ. ಅವನು ಎಲೆಅಡಿಕೆ ಮೆಲ್ಲುತ್ತಾ ಕೂತಿದ್ದ.

"ಬರೀ ಮುದಿ ಎತ್ಗಳನ್ನೇ ಅಟ್ಟಿ ಕಳಿಸಿದ್ರೆ ಅದೂ ಒಂದ್ ವ್ಯಾಪಾರವಾ ಮೇಷ್ಟ್ರೇ?" ಎಂದ.

ಬೈಯಬೇಕೆಂದೇ ಹೋಗಿದ್ದೆ. ಆದರೆ ಅಪ್ಪನ ಹಾಳೆ ಜೇಬಿನಲ್ಲಿತ್ತು. ಪಕ್ಕದಲ್ಲಿ ಕೂತು ಅವನಿಂದ ಒಂದು ಎಲೆ ಇಸಿದುಕೊಂಡೆ.