ಅಬ್ಬಾಗೆ ತೋರಿಸಲು ಒಂದು ಫೋಟೋ

ದಾಂಡೇಲಿಯ ಮಹೆಜಬೀನ ತೆಗೆದ ಫೋಟೋ ಎಂದರೆ ಫೋಟೋ ಎಂದು ಹಳಿಯಾಳ, ಮುಂಡಗೋಡದವರೆಗೂ ಹೆಂಗಸರು ಹೇಳುತ್ತಾರೆ. ಗಂಡಸರನ್ನು ಕೇಳಿ ನೋಡಿ, ಒಬ್ಬನಿಗೂ ಗೊತ್ತಿಲ್ಲ. ಗೊತ್ತಾಗುವುದಾದರೂ ಹೇಗೆ? ಮುಸಲ್ಮಾನರ ಮದುವೆಗಳಲ್ಲಿ ಹೆಂಗಸರ ಕಡೆಯ ಫೋಟೋ ತೆಗೆಯುವುದು ಅವಳ ಕೆಲಸ. ಮದುವೆ ಮುಗಿದ ಮೇಲೆ ಮದುಮಗಳ ತಾಯಿ ಎಲ್ಲರೆದುರು ಕೈ ಚಾಚುತ್ತಾಳೆ. ಜಬೀನ ಕ್ಯಾಮೆರಾದಿಂದ ಮೆಮೊರಿ ಕಾರ್ಡು ತೆಗೆದು ಆ ಕೈಯಲ್ಲಿಡುತ್ತಾಳೆ. ತನ್ನ ಬಳಿ ಒಂದೂ ಇಟ್ಟುಕೊಳ್ಳುವುದಿಲ್ಲ. ಆ ನಂಬಿಕೆಯ ಮೇಲೆಯೇ ಅವಳ ಅನ್ನ.

ಹೀಗಾಗಿ ಅವಳಿಗೆ ಕ್ಯಾಮೆರಾ ಹಿಡಿಯಲು ಕಲಿಸಿದ ಅಬ್ಬಾ, ಸ್ಟುಡಿಯೋ ಅಬ್ದುಲ್ ರಜಾಕ, ಮಗಳ ಕೆಲಸವನ್ನು ಕಂಡವರೇ ಅಲ್ಲ. ಪರರ ಮನೆಯ ಹೆಣ್ಣುಮಕ್ಕಳ ಫೋಟೋ ತೋರಿಸು ಎಂದು ಕೇಳುವ ಜಾಯಮಾನವೂ ಅವರದಲ್ಲ. ಈಗ ಒಂದು ಕಣ್ಣು ಹೋಗಿದೆ, ಇನ್ನೊಂದು ಮಂಜಾಗುತ್ತಿದೆ. ಹೋದ ದೃಷ್ಟಿ ಮರಳುವುದಿಲ್ಲ ಎಂದು ಡಾಕ್ಟರು ಕೈಚೆಲ್ಲಿದ್ದರು.

ಒಂದು ಬೆಳಿಗ್ಗೆ ಚಹಾ ಕುಡಿಯುತ್ತ ಅವರೇ ಬಾಯಿಬಿಟ್ಟರು. "ಬೇಟಿ, ಕಣ್ಣು ಪೂರಾ ಹೋಗೂದ್ರೊಳಗ ನೀ ತಗದದ್ದು ಒಂದ ಫೋಟೋ ನೋಡಬೇಕು ಅನಸ್ತೈತಿ. ಬರೇ ಒಂದು."

ಜಬೀನ ಲೆಕ್ಕ ಹಾಕತೊಡಗಿದಳು. ಒಳ್ಳೆಯದನ್ನೇ ತೋರಿಸಬೇಕು, ಏನು ತೋರಿಸುವುದು? ಸ್ಟುಡಿಯೋದ ಪರದೆಯ ಮೇಲೆ ಬಣ್ಣದ ಸಮುದ್ರ ಬರೆಸಿ, ಊರಿನ ಅರ್ಧ ಜನರನ್ನು ಅದರ ಮುಂದೆ ಕೂರಿಸಿದ ಮನುಷ್ಯ ಅವರು. ಸಮುದ್ರವೇ ಆಗಲಿ ಎಂದು ಜಬೀನ ಜೋಯಿಡಾ ಮೇಲೆ ಹೋಗುವ ಬಸ್ಸು ಹತ್ತಿ ಕಾರವಾರಕ್ಕೆ ಇಳಿದಳು.

ಇಳಿದರೆ ಏನು? ಸಮುದ್ರ ಸುಮ್ಮನೆ ಅಗಲವಾಗಿ ಬಿದ್ದುಕೊಂಡಿತ್ತು. ಅದರಲ್ಲಿ ಎಲ್ಲಿಗೆ ಗುರಿಯಿಡಬೇಕೋ ತಿಳಿಯದೆ ಅವಳಿಗೆ ರೇಗಿಹೋಯಿತು. ಕಾಳಿ ಹೊಳೆ ಸಮುದ್ರ ಸೇರುವ ಕಡೆ ನಡೆದಾಗ ದಂಡೆಯ ತುಂಬ ಮಳೆಗಾಲದ ಕಟ್ಟಿಗೆ. ಹೊಳೆ ಹೊತ್ತು ತಂದದ್ದು, ಸಮುದ್ರ ಬೇಡವೆಂದು ಎಸೆದದ್ದು. ತೊಗಟೆ ಕಳೆದುಕೊಂಡು ಬೆಳ್ಳಗಾದ ಒಂದು ಬೊಡ್ಡೆಯ ಮುಂದೆ ಅವಳು ನಿಂತುಬಿಟ್ಟಳು. ಸುತ್ತಿದ ಪಾಚಿಯನ್ನು ಬಿಡಿಸಿದಳು, ಮರಳನ್ನು ಓಢಣಿಯ ಸೆರಗಿನಿಂದ ಒರೆಸಿದಳು. ಬಿಸಿಲು ಇಳಿಯುವವರೆಗೆ ಕಾದು, ಬುರ್ಖಾ ಮರಳಾದರೆ ಆಗಲಿ ಎಂದು ಮೊಣಕಾಲೂರಿ ಕುಳಿತಳು. ಮೀನು ಬುಟ್ಟಿ ಹೊತ್ತು ಹೋಗುತ್ತಿದ್ದ ಹೆಂಗಸು ನಿಂತು, ಏನು ಕಳೆಯಿತು ಎಂದು ಕೇಳಿದಳು. ಕಟ್ಟಿಗೆಯ ಫೋಟೋ ಎಂದದ್ದಕ್ಕೆ ಬುಟ್ಟಿ ಅಲ್ಲಾಡುವಂತೆ ನಕ್ಕಳು. ಜಬೀನಳಿಗೂ ನಗು ಬಂತು.

ಮರುದಿನ ಹಳಿಯಾಳದಲ್ಲಿ ಮದುವೆ. ಗಡಿಬಿಡಿಯಲ್ಲಿ ಕಾರ್ಡು ಬದಲಿಸುವುದು ಮರೆತೇಹೋಯಿತು. ಮುಗಿದ ಮೇಲೆ ಮದುಮಗಳ ತಾಯಿ ಚಾಂದಬಿ ಕೈ ಚಾಚಿದಳು, ಜಬೀನ ಕಾರ್ಡು ಕೊಟ್ಟಳು. ವರ್ಷಗಟ್ಟಲೆಯ ರೂಢಿ, ಕೈ ತಾನೇ ಕೊಟ್ಟಿತು! ಮನೆಗೆ ಬಂದು ಅಬ್ಬಾನ ಮುಂದೆ ಕ್ಯಾಮೆರಾ ತೆರೆದಾಗ ಒಳಗೆ ಕಾರ್ಡೇ ಇರಲಿಲ್ಲ; ಬೊಡ್ಡೆಯ ಫೋಟೋಗಳೂ ಅದರ ಜೊತೆಗೇ ಹೋಗಿದ್ದವು.

ಫೋನು ಮಾಡಿದರೆ ಚಾಂದಬಿ, "ಯಾ ಅಲ್ಲಾ! ಅತ್ತಿ ಮನ್ಯಾಗ ತೋರಸ್ತೇನಿ ಅಂತ ಮಗಳು ಕಾರ್ಡು ಮುಂಡಗೋಡಕ್ಕ ಒಯ್ದಾಳಲ್ಲ! ಶುಕ್ರವಾರ ಹೊಸ ಜೋಡಿಗೆ ಹಾಕೂ ಜುಮಾಗಿ ಊಟಕ್ಕ ತವರಿಗೆ ಬರ್ತಾಳ, ಆವಾಗ ಬಾರವಾ," ಎಂದಳು.

ಮುಂಡಗೋಡಕ್ಕೆ ಓಡಬಹುದಿತ್ತು. ಆದರೆ ಫೋಟೋದವಳು ಕೊಟ್ಟ ಕಾರ್ಡನ್ನು ಮರಳಿ ಕೇಳಲು ಬೀಗರ ಮನೆಗೆ ಬಂದಳೆಂದರೆ ಜನ ಸುಮ್ಮನಿರುತ್ತಾರೆಯೇ? ಹೊಸ ಸೊಸೆಗೂ ಮಾತು, ಇವಳಿಗೂ ಮಾತು. ಜಬೀನ ಹಲ್ಲು ಕಚ್ಚಿ ಕಾದಳು. ಅಬ್ಬಾ ದಿನಾ ಗೋಡೆಯ ಕ್ಯಾಲೆಂಡರಿನ ಮುಂದೆ ನಿಲ್ಲುತ್ತಿದ್ದರು. ಬುಧವಾರ ಅಂಕಿ ಕಾಣಲು ಮೂಗು ತಾಗಿಸಬೇಕಾಯಿತು. ಆ ದಿನ ಅವಳು ಅಡುಗೆಮನೆಯಲ್ಲಿ ತನ್ನ ಕೈಗೇ ಶಾಪ ಹಾಕಿಕೊಂಡಳು.

ಶುಕ್ರವಾರ ಚಾಂದಬಿ ಪಕ್ಕದಲ್ಲೇ ಕುಳಿತು, ಕಟ್ಟಿಗೆಯ ಫೋಟೋಗಳನ್ನಷ್ಟೇ ತೆಗೆದುಕೊಳ್ಳಲು ಬಿಟ್ಟಳು. "ಮದುವ್ಯಾಗ ಈ ಬೊಡ್ಡಿ ಯಾರ ಕಡೀದು ಅಂತ ಬೀಗತಿ ಕೇಳಿದ್ಲಂತ!" ಎಂದು ನಕ್ಕಳು.

ಆ ಸಂಜೆಯೇ ದೊಡ್ಡದಾಗಿ ಪ್ರಿಂಟ್ ಹಾಕಿಸಿ ತಂದು ಅಬ್ಬಾನ ಕೈಗಿಟ್ಟಳು. ಅವರು ಕಿಟಕಿಗೆ ಹೋಗಿ, ಭೂತಗನ್ನಡಿ ಹಿಡಿದು, ಮೂಲೆಯಿಂದ ಮೂಲೆಗೆ ಬಹಳ ಹೊತ್ತು ನೋಡಿದರು.

"ಬೆಳಕು ಮಾರಿಗೆ ಹೊಡ್ಯಾಕ ಬಿಟ್ಟಿಲ್ಲ, ಬಾಜೂಕ ಇಳಿಸೀದಿ. ನಾಚಗೊಂಡಾಕಿನ್ನ ಕುಂದ್ರಿಸಿದಂಗ ಕುಂದ್ರಿಸೀದಿ."

"ಅದು ಬೊಡ್ಡಿ, ಅಬ್ಬಾ."

"ಬೊಡ್ಡಿ ಅಂತ ಕಾಣ್ತೈತಿ ಬಿಡು. ಆ ಮದುವಿ ಹುಡುಗ್ಯಾರನ್ನ ನೀ ಹೆಂಗ ತಗೀತಿ ಅನ್ನೂದು ಇಷ್ಟ ದಿವಸ ಗೊತ್ತಿರಲಿಲ್ಲ. ಈಗ ಗೊತ್ತಾತು." ಮತ್ತೆ ಕನ್ನಡಿ ಹಿಡಿದು ಬಾಗಿದರು. "ಆದ್ರ ಎಡಕ್ಕ ಇನ್ನೊಂದೀಟು ಜಾಗಾ ಬಿಡಬೇಕಿತ್ತು."

ಇಷ್ಟು ವರ್ಷ ಅವಳ ಫೋಟೋವನ್ನು ಹೀಗೆ ಕಸುಬು ಬಲ್ಲ ಕಣ್ಣಿನಿಂದ ನೋಡಿ ತಪ್ಪು ಹೇಳಿದವರು ಯಾರೂ ಇರಲಿಲ್ಲ. ಜಬೀನ ಓಢಣಿಯಲ್ಲಿ ಮುಖ ಮುಚ್ಚಿಕೊಂಡು ಗಳಗಳನೆ ಅತ್ತುಬಿಟ್ಟಳು.